ಆಂಬುಲೆನ್ಸ್‌ನಲ್ಲಿ ನೋವಿನ ಇಂಜೆಕ್ಷನ್ ಯಾಕೆ ಕೊಡುವುದಿಲ್ಲ?

"ಕಾಲು ಮುರಿದು ಕಿರುಚುತ್ತಿದ್ದರೂ ಆಂಬುಲೆನ್ಸ್‌ನವರು ಒಂದು ಇಂಜೆಕ್ಷನ್ ಹಾಕಲಿಲ್ಲ, ಬರೀ ಪಟ್ಟಿ ಕಟ್ಟಿ ಕರೆದೊಯ್ದರು." ಅಪಘಾತದ ವಿಡಿಯೋಗಳ ಜೊತೆ ಇಂಥ ದೂರು ಆಗಾಗ ಓಡಾಡುತ್ತದೆ. ಇದು ನಿರ್ಲಕ್ಷ್ಯ ಎಂದು ತೀರ್ಪು ಕೊಡುವ ಮೊದಲು, ಆ ಸಿಬ್ಬಂದಿಯ ಕೈಯಲ್ಲಿ ಏನಿದೆ, ಏನಿಲ್ಲ ಎಂದು ನೋಡೋಣ.

ಕರ್ನಾಟಕದಲ್ಲಿ 108 ಸೇವೆ ಶುರುವಾಗಿದ್ದು 2008ರಲ್ಲಿ. ಗಾಡಿಯಲ್ಲಿ ಸಾಮಾನ್ಯವಾಗಿ ಇರುವವರು ಒಬ್ಬ ಚಾಲಕ, ಒಬ್ಬ ತುರ್ತು ವೈದ್ಯಕೀಯ ತಂತ್ರಜ್ಞ, ಅಂದರೆ ಇಎಂಟಿ. ಇಎಂಟಿ ವೈದ್ಯರಲ್ಲ, ಔಷಧ ಕೊಡಬೇಕಾದರೆ ಫೋನಿನಲ್ಲಿ ವೈದ್ಯರ ಸಲಹೆ ಪಡೆಯಬೇಕು.

ಮೂಳೆ ಮುರಿತದಂಥ ತೀವ್ರ ನೋವಿಗೆ ಪ್ಯಾರಾಸಿಟಮಾಲ್ ಒಂದೇ ಸಾಲದು. ಕೆಲಸ ಮಾಡುವುದು ಮಾರ್ಫಿನ್, ಫೆಂಟನಿಲ್‌ನಂಥ ಔಷಧಗಳು. ಇವು ಬರುವುದು 1985ರ ಎನ್‌ಡಿಪಿಎಸ್ ಕಾಯ್ದೆಯ ಅಡಿ. ಮಾದಕ ವಸ್ತು ತಡೆಯಲು ಬಂದ ಈ ಕಾಯ್ದೆಯಲ್ಲಿ ಶಿಕ್ಷೆ ಎಷ್ಟು ಕಠಿಣವಾಗಿತ್ತೆಂದರೆ, ಲೈಸೆನ್ಸ್‌ಗಳ ರಗಳೆಯೂ ಸೇರಿ ಆಸ್ಪತ್ರೆ, ಔಷಧ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ದೇಶದಲ್ಲಿ ಅದರ ವೈದ್ಯಕೀಯ ಬಳಕೆ ಶೇ 90ಕ್ಕಿಂತ ಹೆಚ್ಚು ಕುಸಿದಿತ್ತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಅನುಮತಿಯಲ್ಲೇ ಅಫೀಮು ಬೆಳೆಯುವ ದೇಶದ ಕಥೆ ಇದು!

2014ರ ತಿದ್ದುಪಡಿ ಹಲವು ಲೈಸೆನ್ಸ್‌ಗಳ ಬದಲು ಒಂದೇ ಅನುಮತಿ ಸಾಕೆಂದಿತು. ಆದರೆ ಅನುಮತಿ ಸಿಗುವುದು ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ. ಜವಾಬ್ದಾರಿ ಹೊರಲು ವೈದ್ಯರು ಬೇಕು, ಪ್ರತಿ ಆಂಪೂಲ್‌ಗೂ ಲೆಕ್ಕ ಬೇಕು. ಹೆದ್ದಾರಿಯಲ್ಲಿ ಓಡುವ, ವೈದ್ಯರಿಲ್ಲದ ಗಾಡಿಗೆ ಈ ಚೌಕಟ್ಟು ಹೊಂದುವುದು ಕಷ್ಟ. 2018ರಲ್ಲಿ ಟ್ರಾಮಡಾಲ್ ಕೂಡ ಇದೇ ಕಾಯ್ದೆಯೊಳಗೆ ಬಂತು.

ಭಯಕ್ಕೆ ಕಾರಣವಿಲ್ಲ ಎಂದಲ್ಲ. ಮಾರ್ಫಿನ್ ಹೆಚ್ಚಾದರೆ ಉಸಿರಾಟ ನಿಧಾನವಾಗುತ್ತದೆ, ರಕ್ತಸ್ರಾವವಾದವರಲ್ಲಿ ಬಿಪಿ ಇನ್ನಷ್ಟು ಇಳಿಯಬಹುದು. ಪಕ್ಕದಲ್ಲಿ ನಲಾಕ್ಸೋನ್ ಎಂಬ ಪ್ರತ್ಯೌಷಧ, ಅದನ್ನು ಬಳಸಬಲ್ಲ ಕೈ ಎರಡೂ ಇರಬೇಕು. ಆದರೆ ಇದಕ್ಕೆ ದಾರಿ ಇದೆ. ಬ್ರಿಟನ್‌ನಲ್ಲಿ ನೋಂದಾಯಿತ ಪ್ಯಾರಾಮೆಡಿಕ್‌ಗಳೇ ಮಾರ್ಫಿನ್ ಕೊಡಲು ಕಾನೂನಿನ ಅವಕಾಶವಿದೆ. ಅಲ್ಲಿನ ಆಂಬುಲೆನ್ಸ್‌ಗಳಲ್ಲಿ ಎಂಟೊನಾಕ್ಸ್ ಕೂಡ ಇರುತ್ತದೆ: ಅರ್ಧ ಆಮ್ಲಜನಕ, ಅರ್ಧ ನೈಟ್ರಸ್ ಆಕ್ಸೈಡ್. ರೋಗಿಯೇ ಮಾಸ್ಕ್ ಹಿಡಿದು ಎಳೆದುಕೊಳ್ಳುತ್ತಾನೆ, ಮಂಪರು ಹತ್ತಿದರೆ ಮಾಸ್ಕ್ ಕೈಜಾರುತ್ತದೆ. ಎದೆಗೆ ಪೆಟ್ಟಾಗಿ ಶ್ವಾಸಕೋಶದ ಸುತ್ತ ಗಾಳಿ ಸೇರಿದ್ದರೆ ಇದು ಕೂಡದು. ಆಸ್ಟ್ರೇಲಿಯಾದಲ್ಲಿ ಮೆಥಾಕ್ಸಿಫ್ಲುರೇನ್ ತುಂಬಿದ, ಹಸಿರು ಸೀಟಿಯಂತೆ ಕಾಣುವ ಇನ್‌ಹೇಲರ್ ದಶಕಗಳಿಂದ ಬಳಕೆಯಲ್ಲಿದೆ. ಯುದ್ಧಭೂಮಿಯಲ್ಲಿ ಅಮೆರಿಕದ ಸೇನೆಯ ಮೆಡಿಕ್‌ಗಳು ಬಿಪಿ ಇಳಿದ ಗಾಯಾಳುವಿಗೆ ಕೆಟಮಿನ್ ಕೊಡುತ್ತಾರೆ, ಏಕೆಂದರೆ ಅದು ಸಾಮಾನ್ಯವಾಗಿ ಬಿಪಿಯನ್ನು ಕೆಳಗೆ ಎಳೆಯುವುದಿಲ್ಲ. ಇವೆಲ್ಲ ತರಬೇತಿ ಮತ್ತು ನಿಯಮಗಳ ಮಾತು, ಸಿಬ್ಬಂದಿಯ ಮನಸ್ಸಿನದ್ದಲ್ಲ.

ಇನ್ನೊಂದು ಹಳೆಯ ನಂಬಿಕೆ: "ಹೊಟ್ಟೆನೋವಿಗೆ ಇಂಜೆಕ್ಷನ್ ಕೊಟ್ಟರೆ ಕಾಯಿಲೆ ಮುಚ್ಚಿಹೋಗುತ್ತದೆ." ಸ್ಕ್ಯಾನ್ ಇಲ್ಲದ ಕಾಲದಲ್ಲಿ ವೈದ್ಯರೂ ಹೀಗೇ ಕಲಿತಿದ್ದರು. ನಂತರದ ಅಧ್ಯಯನಗಳಲ್ಲಿ, ಸರಿಯಾದ ಪ್ರಮಾಣದಲ್ಲಿ ನೋವು ಕಡಿಮೆ ಮಾಡಿದರೆ ರೋಗಪತ್ತೆ ತಪ್ಪುವ ಪ್ರಮಾಣ ಹೆಚ್ಚಿದ್ದು ಕಂಡಿಲ್ಲ.

ಇನ್ನು ಆ ಪಟ್ಟಿಯ ವಿಷಯ. ಮುರಿದ ಮೂಳೆ ಅಲುಗಾಡದಂತೆ ಕಟ್ಟುವುದೂ ನೋವಿನ ಚಿಕಿತ್ಸೆಯೇ, ಎಷ್ಟೋ ಸಲ ಅಲ್ಲಿ ಸಿಗುವ ಅತ್ಯುತ್ತಮ ಚಿಕಿತ್ಸೆ. ಆಂಬುಲೆನ್ಸ್ ಬರುವವರೆಗೆ ನೀವೂ ಆ ಭಾಗ ಅಲುಗಾಡದಂತೆ ನೋಡಿಕೊಳ್ಳಿ, ಎಳೆದು ನೆಟ್ಟಗೆ ಮಾಡಲು ಹೋಗಬೇಡಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಬೇಡ, 20 ನಿಮಿಷ ನಲ್ಲಿ ನೀರು ಹರಿಸಿ. ದೊಡ್ಡ ಪೆಟ್ಟಾದವರಿಗೆ ಬಾಯಿಂದ ಮಾತ್ರೆ ನುಂಗಿಸಬೇಡಿ: ಶಸ್ತ್ರಚಿಕಿತ್ಸೆ ಬೇಕಾಗಬಹುದು, ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು. ಮೊದಲೇ ಏನಾದರೂ ಕೊಟ್ಟಿದ್ದರೆ ಮಾತ್ರೆಯ ಹೆಸರು, ಕೊಟ್ಟ ಸಮಯ, ಅಲರ್ಜಿ ಇದ್ದರೆ ಅದನ್ನೂ ಇಎಂಟಿಗೆ ಹೇಳಿ. ಫೋನಿನಲ್ಲಿರುವ ವೈದ್ಯರು ಮೊದಲು ಕೇಳುವುದು ಇವನ್ನೇ.