ಪುಟ್ಟ ನಾಯಿಯ ದೊಡ್ಡ ಲೆಕ್ಕ

ತೆರಿಗೆ, ವಿದ್ಯುತ್ ದರ, ಬ್ಯಾಂಕ್ ಸಾಲ, ಕಚ್ಚಾ ಸಾಮಗ್ರಿಯ ಬೆಲೆ ಮುಂತಾದ ವಿಷಯಗಳನ್ನು ಈ ಪತ್ರಿಕೆಯಲ್ಲಿ ಓದಿ ರೂಢಿಯಿರುವ ವರ್ತಕ ಹಾಗೂ ಉದ್ಯಮಿ ಬಂಧುಗಳಿಗೆ ನಾಯಿಮರಿಯ ಕುರಿತ ಲೇಖನವೊಂದು ಅಚ್ಚರಿ ತರಬಹುದು. ಆದರೆ ನಾಯಿಮರಿಯೂ ಇಂದು ಸಾವಿರಾರು ರೂಪಾಯಿಗಳಿಗೆ ಕೈ ಬದಲಿಸುವ ಸರಕಾಗಿದೆ. ಅದರಲ್ಲಿಯೂ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಮರಿಗಳಿಗೆ ದೊಡ್ಡ ಜಾತಿಯ ಮರಿಗಳಿಗಿಂತ ಹೆಚ್ಚಿನ ಬೆಲೆಯಿದೆ. ಈ ವ್ಯಾಪಾರದಲ್ಲಿ ಕೊಳ್ಳುವವನು ಏನನ್ನು ಕೊಳ್ಳುತ್ತಿದ್ದಾನೆ, ಮಾರುವವನು ಏನನ್ನು ಮುಚ್ಚಿಡುತ್ತಿದ್ದಾನೆ ಎಂಬುದನ್ನು ವ್ಯಾಪಾರಿಯ ದೃಷ್ಟಿಯಿಂದಲೇ ನೋಡುವುದು ಅಗತ್ಯವೆಂದು ನನಗೆ ತೋರಿದೆ. ಇದಕ್ಕೆ ನನ್ನ ಸ್ವಂತ ಅನುಭವವೇ ಕಾರಣ.

ಒಂದು ತುಂಡು ಕಾಗದ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಪಂಪುಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕ ನನ್ನದು. 2022ರ ಡಿಸೆಂಬರ್‌ನಲ್ಲಿ ಮೊಮ್ಮಗಳ ಹಟಕ್ಕೆ ಮಣಿದು, ಬೆಂಗಳೂರಿನ ಒಬ್ಬ ಮಾರಾಟಗಾರನಿಂದ ‘ಟೀಕಪ್ ಪೊಮೇರಿಯನ್’ ಎಂಬ ಹೆಸರಿನ ಮರಿಯೊಂದನ್ನು 65,000 ರೂಪಾಯಿಗೆ ಕೊಂಡು ತಂದೆ. ಚಹದ ಲೋಟದಲ್ಲಿ ಕೂರುವಷ್ಟು ಚಿಕ್ಕದು ಎಂಬುದೇ ಆ ಹೆಸರಿನ ಅರ್ಥ. ಮರಿಗೆ ಎರಡು ತಿಂಗಳು ತುಂಬಿದೆ, ಇದು ಇನ್ನು ಹೆಚ್ಚು ಬೆಳೆಯುವುದಿಲ್ಲ ಎಂದು ಅವನು ಹೇಳಿದ. ಹಣ ನಗದಾಗಿ ಸಂದಾಯವಾಯಿತು.

ಮೂರನೆಯ ರಾತ್ರಿ ಮರಿಯು ನಡುಗಿ ನೆಲಕ್ಕೆ ಬಿದ್ದಿತು. ಪಶುವೈದ್ಯರು ಗ್ಲೂಕೋಸ್ ಕೊಟ್ಟು ಎರಡು ದಿನ ತಮ್ಮಲ್ಲಿಯೇ ಇರಿಸಿಕೊಂಡು ಬದುಕಿಸಿದರು. ಹಲ್ಲುಗಳನ್ನು ನೋಡಿ, ಇದಕ್ಕೆ ಐದಾರು ವಾರಗಳಿಗಿಂತ ಹೆಚ್ಚು ವಯಸ್ಸಾಗಿಲ್ಲ, ತಾಯಿಯ ಹಾಲು ಬಿಡಿಸುವ ಮುನ್ನವೇ ಮಾರಿದ್ದಾರೆ ಎಂದರು. ಇಷ್ಟು ಚಿಕ್ಕ ದೇಹದಲ್ಲಿ ಶಕ್ತಿಯ ಸಂಗ್ರಹ ಬಹಳ ಕಡಿಮೆ. ಮೂರು ನಾಲ್ಕು ಗಂಟೆಗೊಮ್ಮೆ ಆಹಾರ ಬೀಳದಿದ್ದರೆ ರಕ್ತದ ಸಕ್ಕರೆ ಅಂಶ ಕುಸಿದು ಮರಿ ಸಾಯಬಹುದು ಎಂಬ ಮಾತನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಂದು.

ಮಾರಾಟಗಾರನಿಗೆ ದೂರವಾಣಿ ಮಾಡಿದೆ. ಅವನು ಕರೆ ಸ್ವೀಕರಿಸಲಿಲ್ಲ. ದೂರು ಕೊಡೋಣವೆಂದರೆ ನನ್ನ ಬಳಿ ಬಿಲ್ಲು ಇರಲಿಲ್ಲ. ನಲವತ್ತು ವರ್ಷಗಳಿಂದ ಒಂದು ಬೇರಿಂಗ್ ಕೊಂಡರೂ ಬಿಲ್ಲು ಕೇಳಿ ಪಡೆಯುವ ನಾನು, 65,000 ರೂಪಾಯಿಯ ಖರೀದಿಗೆ ಒಂದು ತುಂಡು ಕಾಗದವನ್ನೂ ಕೇಳಿರಲಿಲ್ಲ. ತಪ್ಪು ಮಾರಾಟಗಾರನದಷ್ಟೇ ಅಲ್ಲ, ನನ್ನದೂ ಹೌದು.

ತೂಕ ಕಡಿಮೆಯಾದಷ್ಟೂ ಬೆಲೆ ಹೆಚ್ಚು

ನಮ್ಮ ವ್ಯಾಪಾರಗಳಲ್ಲಿ ತೂಕದಲ್ಲಿ ಕಡಿಮೆ ಕೊಟ್ಟರೆ ದಂಡ ಬೀಳುತ್ತದೆ. ಈ ಒಂದು ವ್ಯಾಪಾರದಲ್ಲಿ ಮಾತ್ರ ತೂಕ ಕಡಿಮೆಯಾದಷ್ಟೂ ಬೆಲೆ ಏರುತ್ತದೆ. ಮೋಸದ ಮೂಲ ಇರುವುದು ಇಲ್ಲಿಯೇ. ಐದು ವಾರದ ಮರಿ ಎಂಟು ವಾರದ ಮರಿಗಿಂತ ಚಿಕ್ಕದಾಗಿರುವುದು ಸಹಜ. ಅದನ್ನು ಎಂಟು ವಾರದ್ದೆಂದು ಹೇಳಿದರೆ ಅಪರೂಪದ ಪುಟ್ಟ ತಳಿಯೆಂದು ನಂಬಿಸಬಹುದು. ಹೊಟ್ಟೆತುಂಬ ಹಾಲು ಸಿಗದೆ ಬಡವಾದ ಮರಿಯೂ ಹೀಗೆಯೇ ದುಬಾರಿ ಮರಿಯಾಗುತ್ತದೆ.

‘ಟೀಕಪ್’ ಎಂಬ ಹೆಸರಿನ ತಳಿಯನ್ನು ಯಾವ ಪ್ರಮುಖ ಕೆನಲ್ ಸಂಸ್ಥೆಯೂ ಮಾನ್ಯ ಮಾಡಿಲ್ಲ. ಅಮೆರಿಕದ ಕೆನಲ್ ಕ್ಲಬ್ಬಿನ ಮಾನದಂಡದ ಪ್ರಕಾರ ಪೊಮೇರಿಯನ್ ನಾಯಿಯ ತೂಕ 3ರಿಂದ 7 ಪೌಂಡ್, ಅಂದರೆ ಸುಮಾರು 1.4ರಿಂದ 3.2 ಕಿಲೋ. ಮೆಕ್ಸಿಕೋ ಮೂಲದ ಚಿಹುವಾಹುವಾ 6 ಪೌಂಡ್, ಅಂದರೆ ಸುಮಾರು 2.7 ಕಿಲೋ ಮೀರಬಾರದು. ಇದಕ್ಕಿಂತ ಚಿಕ್ಕದೆಂದು ಬೇರೆ ಹೆಸರಿಟ್ಟು ಮಾರುವುದು ಮಾರಾಟದ ತಂತ್ರವೇ ಹೊರತು ತಳಿಯ ಗುಣವಲ್ಲ. ನಮ್ಮ ಊರುಗಳಲ್ಲಿ ಹಿಂದಿನಿಂದ ಪೊಮೇರಿಯನ್ ಎಂದು ಕರೆಯಿಸಿಕೊಂಡು ಬಂದ ಬಿಳಿಯ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ಎಂಬ ಬೇರೆಯೇ ನಾಯಿಗಳು. ಹೆಸರಿನ ಈ ಗೊಂದಲವೂ ಮಾರಾಟಗಾರನಿಗೆ ಅನುಕೂಲವಾಗಿ ಒದಗುತ್ತದೆ.

ಬೇಡಿಕೆ ಹುಟ್ಟುವ ಬಗೆಯನ್ನೂ ಗಮನಿಸಬೇಕು. 2003ರಲ್ಲಿ ಹಚ್ ಕಂಪನಿಯ ಮೊಬೈಲ್ ದೂರವಾಣಿ ಜಾಹೀರಾತಿನಲ್ಲಿ ಬಾಲಕನ ಹಿಂದೆ ಹಿಂದೆ ನಡೆದ ಪಗ್ ನಾಯಿ ನಮ್ಮೆಲ್ಲರ ನೆನಪಿನಲ್ಲಿದೆ. ಅದರ ಬಳಿಕ ದೇಶದಾದ್ಯಂತ ಪಗ್ ಮರಿಗಳಿಗೆ ಬೇಡಿಕೆಯೂ ಬೆಲೆಯೂ ಏರಿದವು. ಚಪ್ಪಟೆ ಮೂತಿಯ ಆ ನಾಯಿ ನಮ್ಮ ಬೇಸಿಗೆಯಲ್ಲಿ ಉಸಿರಾಡಲು ಪಡುವ ಕಷ್ಟ ಕೊಂಡವರಿಗೆ ಗೊತ್ತಾದದ್ದು ಆಮೇಲೆ. ಇಂದಿನ ಪುಟ್ಟ ನಾಯಿಗಳ ಬೇಡಿಕೆಯೂ ಚಿತ್ರ ನೋಡಿ ಹುಟ್ಟಿದ ಬೇಡಿಕೆಯೇ ಆಗಿದೆ.

ಹಾಗೆಂದು ಪುಟ್ಟ ತಳಿಯ ಬೆಲೆಯೆಲ್ಲವೂ ಲಾಭಕೋರತನವೆಂದು ಹೇಳಲಾಗದು. ಇವು ಒಂದು ಸೂಲಿಗೆ ಸಾಮಾನ್ಯವಾಗಿ ಒಂದರಿಂದ ಮೂರು ಮರಿಗಳನ್ನಷ್ಟೇ ಹಾಕುತ್ತವೆ. ತಾಯಿಯ ದೇಹ ಚಿಕ್ಕದು, ಮರಿಯ ತಲೆ ದೊಡ್ಡದು. ಆದ್ದರಿಂದ ಅನೇಕ ವೇಳೆ ಶಸ್ತ್ರಚಿಕಿತ್ಸೆಯಿಂದ ಹೆರಿಗೆ ಮಾಡಿಸಬೇಕಾಗುತ್ತದೆ. ಇದನ್ನೆಲ್ಲ ನಿಯಮಬದ್ಧವಾಗಿ ಮಾಡಿ, ಎರಡು ತಿಂಗಳು ಸಾಕಿ, ಲಸಿಕೆ ಹಾಕಿಸಿ ಮಾರುವವನ ಉತ್ಪಾದನಾ ವೆಚ್ಚ ನಿಜವಾಗಿಯೂ ಹೆಚ್ಚು. ಐದು ವಾರಕ್ಕೇ ಮರಿ ಮಾರಿ ಕೈ ತೊಳೆದುಕೊಳ್ಳುವವನು ಅಂಥ ಪ್ರಾಮಾಣಿಕನ ಬೆಲೆಯನ್ನೇ ಪಡೆದು, ಅವನ ಖರ್ಚನ್ನು ಮಾತ್ರ ಕೊಳ್ಳುವವನ ತಲೆಗೆ ಕಟ್ಟುತ್ತಾನೆ.

ಗಾತ್ರದೊಂದಿಗೆ ಇಳಿಯದ ಖರ್ಚು

ಚಿಕ್ಕ ನಾಯಿಗೆ ಚಿಕ್ಕ ಖರ್ಚು ಎಂಬುದು ಸಾಮಾನ್ಯ ನಂಬಿಕೆ. ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚಗಳ ವ್ಯತ್ಯಾಸ ತಿಳಿದ ನಮಗೆ ಈ ನಂಬಿಕೆಯನ್ನು ಪರೀಕ್ಷಿಸುವುದು ಕಷ್ಟವಲ್ಲ.

ಆಹಾರವು ಗಾತ್ರದೊಂದಿಗೆ ಬದಲಾಗುವ ವೆಚ್ಚ. ಪಶುವೈದ್ಯರು ಬಳಸುವ ಸೂತ್ರದಂತೆ ಲೆಕ್ಕ ಹಾಕಿದರೆ 2 ಕಿಲೋ ತೂಕದ ನಾಯಿಗೆ ದಿನಕ್ಕೆ ಸುಮಾರು 190 ಕ್ಯಾಲೊರಿ ಬೇಕು. 30 ಕಿಲೋ ನಾಯಿಗೆ ಸುಮಾರು 1,440 ಕ್ಯಾಲೊರಿ. ತೂಕ ಹದಿನೈದು ಪಟ್ಟು ಹೆಚ್ಚಿದ್ದರೂ ಆಹಾರ ಏಳೂವರೆ ಪಟ್ಟು ಮಾತ್ರ ಹೆಚ್ಚು. ಅಂದರೆ ಪ್ರತಿ ಕಿಲೋ ತೂಕಕ್ಕೆ ಪುಟ್ಟ ನಾಯಿ ದೊಡ್ಡ ನಾಯಿಯ ಎರಡರಷ್ಟು ಆಹಾರ ಬೇಡುತ್ತದೆ. ಹಾಗಿದ್ದರೂ ಒಟ್ಟು ಪ್ರಮಾಣ ಕಡಿಮೆಯೇ ಆದ್ದರಿಂದ ಇಲ್ಲಿ ಉಳಿತಾಯವಿದೆ ಎಂದು ಒಪ್ಪಬೇಕು.

ಉಳಿದ ಬಾಬುಗಳಲ್ಲಿ ಆ ಉಳಿತಾಯ ಕಾಣುವುದಿಲ್ಲ. ಲಸಿಕೆಯ ಪ್ರಮಾಣ ನಾಯಿಯ ತೂಕವನ್ನು ಅವಲಂಬಿಸಿಲ್ಲ. ದೊಡ್ಡ ನಾಯಿಗೂ ಪುಟ್ಟ ನಾಯಿಗೂ ಒಂದೇ ಡೋಸು, ಒಂದೇ ಬೆಲೆ. ವೈದ್ಯರ ಶುಲ್ಕವೂ ಹಾಗೆಯೇ. ಕೆಲವು ಬಾಬುಗಳಂತೂ ಪುಟ್ಟ ನಾಯಿಗೇ ಹೆಚ್ಚು. ಚಿಕ್ಕ ದವಡೆಯಲ್ಲಿ ಹಲ್ಲುಗಳು ಒತ್ತಾಗಿ ಬೆಳೆಯುತ್ತವೆ, ಹಾಲುಹಲ್ಲುಗಳು ಬೀಳದೆ ಉಳಿದು ಕೀಳಿಸಬೇಕಾಗುತ್ತದೆ. ಮೊಣಕಾಲಿನ ಚಿಪ್ಪು ಪಕ್ಕಕ್ಕೆ ಜಾರುವುದು, ಶ್ವಾಸನಾಳ ಕುಸಿದು ಕೆಮ್ಮು ಬರುವುದು ಈ ತಳಿಗಳಲ್ಲಿ ಸಾಮಾನ್ಯ. ಸೋಫಾದಿಂದ ಹಾರಿದರೂ ಮುಂಗಾಲು ಮುರಿಯಬಹುದು. ಎರಡು ಕಿಲೋ ಜೀವಕ್ಕೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವುದು ಹೆಚ್ಚು ಸೂಕ್ಷ್ಮವಾದ ಕೆಲಸ.

ಇನ್ನೊಂದು ಅಂಶ ಅವಧಿ. ಪುಟ್ಟ ನಾಯಿಗಳು ದೊಡ್ಡ ನಾಯಿಗಳಿಗಿಂತ ಹೆಚ್ಚು ವರ್ಷ ಬದುಕುತ್ತವೆ. ಹನ್ನೆರಡರಿಂದ ಹದಿನಾರು ವರ್ಷ ಸಾಮಾನ್ಯ. ಇದು ಸಂತೋಷದ ಸಂಗತಿ. ಆದರೆ ಆವರ್ತಕ ವೆಚ್ಚವೂ ಅಷ್ಟೇ ವರ್ಷ ಮುಂದುವರಿಯುತ್ತದೆ.

ಮೂರು ವರ್ಷಗಳ ಖಾತೆ

ನನ್ನ ಖಾತೆಯಲ್ಲಿ ಕಂಡಿದ್ದನ್ನು ದುಂಡು ಅಂಕಿಗಳಲ್ಲಿ ಕೊಡುತ್ತೇನೆ. ಊರು, ತಳಿ, ವೈದ್ಯಾಲಯಗಳಿಗೆ ತಕ್ಕಂತೆ ಇದು ಬದಲಾಗಬಹುದು.

ಒಂದು ಬಾರಿಯ ವೆಚ್ಚ: ಖರೀದಿ 65,000, ಮೊದಲ ವಾರದ ತುರ್ತು ಚಿಕಿತ್ಸೆ 7,500, ಗೂಡು, ಹಾಸಿಗೆ, ಬಾಗಿಲ ತಡೆ ಇತ್ಯಾದಿ 8,000, ಹಾಲುಹಲ್ಲು ಕೀಳಿಸಿದ್ದು 8,000, ಮೊಣಕಾಲಿನ ಶಸ್ತ್ರಚಿಕಿತ್ಸೆ 45,000. ಒಟ್ಟು 1,33,500 ರೂಪಾಯಿ.

ವಾರ್ಷಿಕ ವೆಚ್ಚ: ಆಹಾರ 12,000, ಲಸಿಕೆ ಮತ್ತು ವೈದ್ಯರ ಭೇಟಿ 5,000, ಕೂದಲು ಮತ್ತು ಉಗುರಿನ ಆರೈಕೆ 9,000, ಉಣ್ಣಿ ಹಾಗೂ ಜಂತಿನ ಔಷಧ, ಶಾಂಪೂ 4,000, ನಾವು ಊರಿಗೆ ಹೋದಾಗ ಬೇರೆಡೆ ಬಿಡುವ ಖರ್ಚು 6,000. ಒಟ್ಟು 36,000 ರೂಪಾಯಿ.

ಬೆಲೆ ಏರಿಕೆಯನ್ನು ಬಿಟ್ಟು, ಹದಿನಾಲ್ಕು ವರ್ಷಕ್ಕೆ ವಾರ್ಷಿಕ ವೆಚ್ಚ 5,04,000 ರೂಪಾಯಿ ಆಗುತ್ತದೆ. ಎರಡನ್ನೂ ಕೂಡಿದರೆ 6,37,500. ಇದರಲ್ಲಿ ನಾನು ಚೌಕಾಶಿ ಮಾಡಿದ್ದು 65,000ಕ್ಕೆ, ಅಂದರೆ ಹತ್ತರಲ್ಲಿ ಒಂದು ಪಾಲಿಗೆ. ಉಳಿದ ಒಂಬತ್ತು ಪಾಲು ಖರೀದಿಯ ದಿನ ಯಾರ ಬಾಯಲ್ಲೂ ಬರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಇದಕ್ಕೇ ಇರಬೇಕು.

ಲೇತ್ ಯಂತ್ರ ಕೊಳ್ಳುವಾಗ ವಿದ್ಯುತ್, ಬಿಡಿಭಾಗ, ದುರಸ್ತಿ, ಸವಕಳಿ ಎಲ್ಲವನ್ನೂ ಲೆಕ್ಕ ಹಾಕುತ್ತೇವೆ. ಬೇಡವಾದರೆ ಯಂತ್ರವನ್ನು ಗುಜರಿಗಾದರೂ ಹಾಕಬಹುದು. ನಾಯಿಯ ವಿಷಯದಲ್ಲಿ ಅದು ಸಾಧ್ಯವಿಲ್ಲ, ಸಾಧ್ಯವಾಗಲೂಬಾರದು. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಅಪರಾಧ. ಖರ್ಚು ತಿಳಿಯದೆ ಕೊಂಡವರೇ ಮುಂದೆ ಕೈಬಿಡುವ ಯೋಚನೆಗೆ ಬರುತ್ತಾರೆ. ಆದ್ದರಿಂದ ವೆಚ್ಚವನ್ನು ಮೊದಲೇ ಹೇಳುವುದು ವ್ಯಾಪಾರದ ನೀತಿಯೂ ಹೌದು, ಜೀವದಯೆಯೂ ಹೌದು.

ಬಿಲ್ಲು ಕೊಡದಿರಲು ಕಾರಣವೇನು?

ಕಾನೂನಿನ ಕೊರತೆಯಂತೂ ಇಲ್ಲ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ತಳಿಗಾರನು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಪಡೆಯುವಂತಿಲ್ಲ, ಜೀವಮಾನದಲ್ಲಿ ಐದು ಸೂಲುಗಳನ್ನು ಮೀರುವಂತಿಲ್ಲ. 2018ರ ನಿಯಮಗಳು ಸಾಕುಪ್ರಾಣಿ ಅಂಗಡಿಗಳ ನೋಂದಣಿಯನ್ನೂ ಕಡ್ಡಾಯಗೊಳಿಸಿವೆ. ವಾಣಿಜ್ಯ ಉದ್ದೇಶದ ತಳಿ ಸಂವರ್ಧನೆಗೆ ನಾಯಿಗಳನ್ನು ಆಮದು ಮಾಡುವುದನ್ನು ಕೇಂದ್ರ ಸರಕಾರವು 2016ರಲ್ಲಿಯೇ ನಿರ್ಬಂಧಿಸಿತು. ಆದ್ದರಿಂದ ವಿದೇಶದಿಂದ ತರಿಸಿದ ತಳಿಯೆಂದು ಹೇಳುವವನಿಂದ ದಾಖಲೆ ಕೇಳುವುದು ಯೋಗ್ಯ.

ತೆರಿಗೆಯ ನೆಪವೂ ಇಲ್ಲಿ ಸಲ್ಲದು. 2017ರಲ್ಲಿ ಜಿ.ಎಸ್.ಟಿ. ಜಾರಿಯಾದಾಗ ಚಿಲ್ಲರೆ ಪೊಟ್ಟಣದ ನಾಯಿ ಆಹಾರಕ್ಕೆ ಶೇಕಡಾ 18ರ ತೆರಿಗೆ ಬಿದ್ದಿತು. ಆದರೆ ಜೀವಂತ ನಾಯಿಯ ಮಾರಾಟಕ್ಕೆ ವಿನಾಯಿತಿ ಕೊಡಲಾಯಿತು, ಪಶು ಚಿಕಿತ್ಸಾಲಯದ ಸೇವೆಗೂ ವಿನಾಯಿತಿ ದೊರೆಯಿತು. ಹೀಗಿರುವಾಗ ಬಿಲ್ಲು ಕೊಟ್ಟರೆ ಬೆಲೆ ಹೆಚ್ಚಾಗುತ್ತದೆ ಎನ್ನುವ ಮಾರಾಟಗಾರನ ಮಾತಿಗೆ ಅರ್ಥವಿಲ್ಲ. ಅವನು ತಪ್ಪಿಸಿಕೊಳ್ಳಲು ಬಯಸುವುದು ಮರಿಯ ಜನ್ಮದಿನಾಂಕವನ್ನು ಬರೆದುಕೊಡುವ ಹೊಣೆಯಿಂದ.

ನಾವು ಮಾಡಬಹುದಾದದ್ದು

ಕೊಳ್ಳುವವರಿಗೆ ನನ್ನ ಸಲಹೆಗಳು ಇವು:

1. ನೋಂದಣಿ ಸಂಖ್ಯೆಯುಳ್ಳ ಬಿಲ್ಲು ಇಲ್ಲದೆ ಹಣ ಕೊಡಬೇಡಿರಿ. ಬಿಲ್ಲಿನಲ್ಲಿ ಮರಿಯ ಜನ್ಮದಿನಾಂಕ, ತೂಕ, ಹಾಕಿದ ಲಸಿಕೆಗಳ ವಿವರ ಇರಲಿ.
2. ತಾಯಿ ನಾಯಿಯನ್ನು ಅದು ಇರುವಲ್ಲಿಯೇ ನೋಡಿರಿ. ತೋರಿಸಲು ಒಪ್ಪದಿದ್ದರೆ ಹಿಂತಿರುಗಿ ಬನ್ನಿರಿ.
3. ಹಣ ಕೊಡುವ ಮೊದಲು ನಿಮ್ಮ ಪಶುವೈದ್ಯರಿಂದ ಹಲ್ಲು, ಮೊಣಕಾಲು, ಹೃದಯ ಪರೀಕ್ಷಿಸಿರಿ.
4. ಖರೀದಿ ಬೆಲೆಯಷ್ಟೇ ಹಣವನ್ನು ಚಿಕಿತ್ಸೆಗೆಂದು ಬೇರೆಯಾಗಿ ತೆಗೆದಿರಿಸಿರಿ. ಅದು ಸಾಧ್ಯವಿಲ್ಲದಿದ್ದರೆ ಕೊಳ್ಳುವುದನ್ನು ಮುಂದೂಡಿರಿ.

ಮಾರುವವರಿಗೂ ಒಂದು ಮಾತು. ಸಾಕುಪ್ರಾಣಿ ಅಂಗಡಿ ನಡೆಸುವ ವರ್ತಕರು, ಅವರಿಗೆ ಸರಬರಾಜು ಮಾಡುವ ಸ್ಟೀಲ್ ಬಟ್ಟಲು, ಚರ್ಮದ ಪಟ್ಟಿ, ತಂತಿ ಗೂಡುಗಳ ತಯಾರಕರು ನಮ್ಮ ನಡುವೆಯೇ ಇದ್ದಾರೆ. ಅವರ ನಿರಂತರ ವ್ಯಾಪಾರ ಇರುವುದು ಒಂದು ಬಾರಿಯ ಮರಿ ಮಾರಾಟದಲ್ಲಿ ಅಲ್ಲ, ಆ ನಾಯಿ ಬದುಕುವ ಹದಿನಾಲ್ಕು ವರ್ಷಗಳಲ್ಲಿ. ಮೂರನೆಯ ದಿನ ಸಾಯುವ ಮರಿಯಿಂದ ಯಾರಿಗೂ ಲಾಭವಿಲ್ಲ. ಪ್ರತಿ ಮರಿಯೊಂದಿಗೆ ಅಂದಾಜು ವಾರ್ಷಿಕ ವೆಚ್ಚದ ಒಂದು ಪುಟವನ್ನು ಅಚ್ಚು ಹಾಕಿಸಿ ಕೊಡುವ ಪದ್ಧತಿಯನ್ನು ನಮ್ಮ ಸಂಸ್ಥೆಯ ಸದಸ್ಯ ಅಂಗಡಿಗಳು ಆರಂಭಿಸಬೇಕು. ಕೆಲವು ಗಿರಾಕಿಗಳು ಅದನ್ನು ಓದಿ ಹಿಂತಿರುಗಬಹುದು. ಕೊಂಡು ಹೋದವರು ಮಾತ್ರ ಮುಂದೆಯೂ ಅದೇ ಅಂಗಡಿಗೆ ಬರುತ್ತಾರೆ. ಈ ಕುರಿತು ಪಶುವೈದ್ಯರನ್ನೂ ಅಂಗಡಿಕಾರರನ್ನೂ ಸೇರಿಸಿ ಒಂದು ಸಭೆ ಕರೆಯಬೇಕೆಂದು ಸಂಸ್ಥೆಯ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಇಷ್ಟೆಲ್ಲ ಖರ್ಚಾದ ಮೇಲೆ ಆ ನಾಯಿಯನ್ನು ಕೊಂಡದ್ದಕ್ಕೆ ವಿಷಾದವಿದೆಯೇ ಎಂದು ಮಿತ್ರರು ಕೇಳುತ್ತಾರೆ. ಇಲ್ಲ. ಇಂದು ಅದರ ತೂಕ 2.1 ಕಿಲೋ. ಸಂಜೆ ನಾನು ಲೆಕ್ಕ ಬರೆಯುವ ಮೇಜಿನ ಕೆಳಗೆ ಬಂದು ಮಲಗುತ್ತದೆ. ಮೊಮ್ಮಗಳು ಶಾಲೆಯಿಂದ ಬಂದರೆ ಮೊದಲು ಅದನ್ನೇ ಕೇಳುತ್ತಾಳೆ. ಅದರ ಸಂಗಕ್ಕೆ ಬೆಲೆ ಕಟ್ಟುವ ಉದ್ದೇಶ ನನ್ನದಲ್ಲ. ಆದರೆ ಆ ಮೂರನೆಯ ರಾತ್ರಿ ಅದು ಪಟ್ಟ ಸಂಕಟಕ್ಕೆ ಕಾರಣ ವಿಧಿಯಲ್ಲ, ಮೂರು ವಾರ ಮೊದಲೇ ಮಾರಿದವನ ಆತುರ ಮತ್ತು ಕೇಳದೆ ಕೊಂಡವನ ಅಲಕ್ಷ್ಯ. ಎರಡನ್ನೂ ತಡೆಯಲು ಒಂದು ಸರಿಯಾದ ಬಿಲ್ಲು ಸಾಕಿತ್ತು ಎಂಬುದು ನನ್ನ ನಮ್ರ ಅಭಿಪ್ರಾಯ.