ಜೀವಾಳಿಯ ವಿದ್ಯೆ

ಮೈಸೂರಿನ ಅಗ್ರಹಾರದಲ್ಲಿ, ನೂರೊಂದು ಗಣಪತಿಯ ಗುಡಿಯ ಸುತ್ತಣ ಬೀದಿಗಳಲ್ಲಿ ದೇವರ ಉತ್ಸವವೋ ಮದುವೆಯ ದಿಬ್ಬಣವೋ ಹೊರಟಾಗ ನಾಗಸ್ವರಕ್ಕೆ ತಲೆದೂಗುವ ನಾವು, ಆ ನಾದದ ಉಗಮಸ್ಥಾನವು ಉದ್ದನೆಯ ಮರದ ಕೊಳವೆಯಲ್ಲ, ಅದರ ನೆತ್ತಿಯಲ್ಲಿ ಸಿಕ್ಕಿಸಿದ ಪುಟ್ಟ ಜೀವಾಳಿ (ರೀಡು) ಎಂಬುದನ್ನು ನೆನೆಯುವುದು ವಿರಳ. ನಾಗಸ್ವರವನ್ನು ಕಲಿಸುವೆಡೆಯಲ್ಲೆಲ್ಲ ಜೀವಾಳಿಯನ್ನು ಕಟ್ಟುವ, ತಿದ್ದುವ ವಿದ್ಯೆಯನ್ನೂ ಪಾಠದ ಅಂಗವಾಗಿಯೇ ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಸುಬಿಗೆ ಹೆಸರಾದ ಊರು ತಂಜಾವೂರು ಸೀಮೆಯ ತಿರುವಾವಡುತುರೈ. ಕಾವೇರೀತೀರದ ಜೊಂಡನ್ನು ಕೊಯ್ದು, ಬಹುಕಾಲ ಒಣಗಿಸಿ, ಬೇಯಿಸಿ ಹದಕ್ಕೆ ತಂದು, ಚಪ್ಪಟೆಯಾದ ಎರಡು ಪದರಗಳು ಒಂದಕ್ಕೊಂದು ತಾಗುವಂತೆ ಸಣ್ಣ ಲೋಹದ ನಳಿಗೆಗೆ ದಾರದಿಂದ ಬಿಗಿದರೆ ಕುಶಲಕರ್ಮಿಯ ಕೆಲಸ ಮುಗಿಯಿತು. ವಾದಕನದು ಅಲ್ಲಿಂದ ಆರಂಭ. ಪೂಜೆಗೆ ಮುನ್ನ ಗುಡಿಯ ಜಗಲಿಯಲ್ಲಿ ಕುಳಿತ ಆತನು ಅದನ್ನು ಬಾಯಲ್ಲಿಟ್ಟು ನೆನೆಸಿ, ಊದಿ ನೋಡಿ, ಬೆಳಕಿಗೆ ಹಿಡಿದು, ಅಂಚನ್ನು ಚೂರಿಯಿಂದ ಕೂದಲೆಳೆಯಷ್ಟು ಕೆರೆದು, ಮತ್ತೆ ಊದುತ್ತಾನೆ. ಜೀವಾಳಿಯ ಬಾಯಿ ಬಿಗಿದುಕೊಂಡಿದ್ದರೆ ವಾದ್ಯಕ್ಕೆ ತೂಗುಬಿಟ್ಟ ಕಡ್ಡಿಯನ್ನು ತೂರಿಸಿ ಸಡಿಲಿಸುತ್ತಾನೆ. ಒಂದು ಕೆರೆತ ಹೆಚ್ಚಾದರೆ ಜೀವಾಳಿ ಕೆಟ್ಟಿತು. ಗಮಕವೆಲ್ಲ ತುಟಿಯ ಒತ್ತಡ, ಉಸಿರಿನ ಬಲ, ಬೆರಳಿನ ಅರೆಮುಚ್ಚುಗಳಿಂದಲೇ ಹೊರಡಬೇಕಾದ ಈ ವಾದ್ಯದಲ್ಲಿ, ತನ್ನ ತುಟಿಗೆ ಒಗ್ಗದ ಜೀವಾಳಿಯಿಂದ ತೋಡಿಯನ್ನಾಗಲಿ ಭೈರವಿಯನ್ನಾಗಲಿ ನುಡಿಸುವುದೆಂತು?

ಅಂಗಡಿಯಲ್ಲಿ ಕೊಂಡರಾಯಿತಲ್ಲ ಎನ್ನುವವರುಂಟು. ನಾಗಸ್ವರ ವಿದ್ವಾಂಸರ ಮಗನಾದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮನಸೋತ ಸ್ಯಾಕ್ಸೊಫೋನಿಗೆ ರೀಡುಗಳು 2, 2½, 3 ಎಂದು ಬಿಗುವಿನ ಅಂಕವನ್ನು ಹೊತ್ತು ಪೆಟ್ಟಿಗೆಗಳಲ್ಲಿ ಬರುವುದು ನಿಜ. ಆದರೆ ಜೀವಾಳಿಯಂತೆಯೇ ಎರಡೆಳೆಯ ರೀಡಿನಿಂದ ನುಡಿಯುವ ಓಬೋವನ್ನು ಅಭ್ಯಸಿಸುವ ಪಾಶ್ಚಾತ್ಯ ವಿದ್ಯಾರ್ಥಿಗೆ ರೀಡನ್ನು ಕೈಯಾರೆ ಕೆತ್ತುವುದನ್ನು ಸಂಗೀತಶಾಲೆಯಲ್ಲೇ ಕಲಿಸುತ್ತಾರೆ. ನಮ್ಮಲ್ಲಿ ಈ ವಿದ್ಯೆಯನ್ನು ವಾಲಗದ ಮನೆತನಗಳಲ್ಲಿ ಮಗನು ತಂದೆಯ ಮಗ್ಗುಲಲ್ಲಿ ಕುಳಿತು ಕಲಿಯುತ್ತಿದ್ದನು. ಆ ಮಕ್ಕಳು ಅನ್ಯ ಉದ್ಯೋಗಗಳನ್ನು ಹಿಡಿದಾಗ, ಯಾವ ಪಠ್ಯದಲ್ಲೂ ಬರೆದಿಡದ ಈ ಕೈಚಳಕ ಮನೆಯೊಳಗೇ ನಿಂತುಹೋಗುತ್ತದೆ, ಹೊರಗಿನಿಂದ ಬಂದ ಶಿಷ್ಯನಿಗೆ ಕೀರ್ತನೆ ದೊರೆತರೂ ಚೂರಿ ಹಿಡಿಯುವ ಬಗೆ ದೊರೆಯುವುದಿಲ್ಲ.

2008ರಲ್ಲಿ ಸ್ಥಾಪನೆಯಾದ, ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿರುವ ಮೈಸೂರೇ ಇದಕ್ಕೆ ಮೊದಲಾಗಲಿ. ಜೀವಾಳಿ ಕಟ್ಟುವ ಹಿರಿಯರನ್ನು ವರ್ಷಕ್ಕೆ ಕೆಲವು ವಾರಗಳಾದರೂ ಕರೆಸಿ, ಗುರುವಿಗೆ ಸಲ್ಲುವ ಮರ್ಯಾದೆಯನ್ನೂ ಸಂಭಾವನೆಯನ್ನೂ ಸಲ್ಲಿಸಲಿ. ನಾಗಸ್ವರದ ಪರೀಕ್ಷೆಗೆ ಕುಳಿತವನು ತಾನೇ ತಿದ್ದಿದ ಜೀವಾಳಿಯಿಂದಲೇ ನುಡಿಸಬೇಕೆಂಬ ನಿಯಮವೂ ಬರಲಿ.