ಶತ್ರು ಬಿದ್ದಾಗ ಸೀಟಿ ಹೊಡೆಯಬೇಕೇ?



ಈ ಸಲದ ಗ್ಯಾದರಿಂಗ್‌ನಲ್ಲಿ ನಾವು ಕಾರ್ಗಿಲ್ ನಾಟಕ ಆಡಿದೆವು. ನಾನು ಭಾರತದ ಜವಾನ. ಶತ್ರು ಪಾತ್ರದ ಗೆಳೆಯ ಗುಂಡು ತಗುಲಿ ಬಿದ್ದಾಗ ನೀವೆಲ್ಲ ಸೀಟಿ ಹೊಡೆದು ಕುಣಿದಿರಿ. ನನಗೂ ಖುಷಿಯಾಗಿತ್ತು. ಮುಂದಿನ ಸಾಲಿನಲ್ಲಿದ್ದ ನಮ್ಮ ಕಾಕಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಎಷ್ಟೋ ಹುಡುಗರಂತೆ ಅವರೂ ಬೆಳಗಾವಿಯ ಮರಾಠಾ ರೆಜಿಮೆಂಟಿಗೆ ಭರ್ತಿಯಾಗಿ, ಸೇವೆ ಮುಗಿಸಿ ಬಂದವರು. ಮನೆಗೆ ಬಂದು, "ಕಾಕಾ, ನೀವು ಯಾರನ್ನರೆ ಹೊಡದೀರೇನ್ರಿ?" ಎಂದು ಕೇಳಿದೆ. ಅವರು ಉತ್ತರ ಕೊಡದೆ ಎಮ್ಮೆಗೆ ಮೇವು ಹಾಕಲು ಎದ್ದು ಹೋದರು.

ಅಂದಿನಿಂದ ನಮ್ಮ ವರ್ಗದಲ್ಲಿ ಎರಡು ಪಕ್ಷಗಳಾಗಿವೆ. "ಕೊಲೆ ಅಂದ್ರ ಕೊಲೀನ, ಯುದ್ಧ ಇದ್ರೇನ?" ಎನ್ನುತ್ತಾರೆ ಕೆಲವರು. ನಾನು ಒಪ್ಪುವುದಿಲ್ಲ. 1999ರಲ್ಲಿ ಕಾರ್ಗಿಲ್ ಬೆಟ್ಟಗಳನ್ನೇರಿ ಕುಳಿತು ಶ್ರೀನಗರ-ಲೇಹ್ ರಸ್ತೆಯ ಮೇಲೆ ಗುಂಡಿನ ಮಳೆ ಸುರಿಸುತ್ತಿದ್ದವರು, ಕೈಮುಗಿದರೆ ಇಳಿದು ಹೋಗುತ್ತಿದ್ದರೇ? ನಮ್ಮ ರಾಯಬಾಗ, ಅಥಣಿ, ಕಾಗವಾಡ ಕಡೆ ಬಸದಿಗಳಿಗೇನೂ ಕಡಿಮೆಯಿಲ್ಲ. ಇರುವೆಗೂ ನೋವಾಗಬಾರದು ಎನ್ನುವ ಜೈನಧರ್ಮವೂ ಸಂಸಾರಸ್ಥನಿಗೆ 'ವಿರೋಧಿ ಹಿಂಸೆ'ಯಲ್ಲಿ ಸಡಿಲಿಕೆ ಕೊಟ್ಟಿದೆ ಎಂದು ಗೆಳೆಯನ ಅಜ್ಜ ಬಿಡಿಸಿ ಹೇಳಿದರು. ಮೈಮೇಲೆ ಬಂದವನನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾಡುವ ಹಿಂಸೆ ಅದು. ಬೇಕಂತಲೇ ಮಾಡುವ 'ಸಂಕಲ್ಪಿ ಹಿಂಸೆ'ಗೆ ಮಾತ್ರ ಒಪ್ಪಿಗೆ ಇಲ್ಲ.

ಹಾಗಾದರೆ ಶತ್ರು ಬಂದೂಕು ಕೆಳಗಿಟ್ಟ ಮೇಲೆ? ಸಡಿಲಿಕೆ ಅಲ್ಲಿಗೆ ಮುಗಿಯಿತು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದಾಗ ಸುಮಾರು 93,000 ಜನ ಸೆರೆಯಾದರು. ಅವರಿಗೆ ಊಟ ಹಾಕಿ, ಮುಂದೆ ಅವರ ದೇಶಕ್ಕೇ ಕಳಿಸಿದೆವು. ಸೆರೆಸಿಕ್ಕವನು ನಿನ್ನೆ ಗುಂಡು ಹಾರಿಸಿದವನೇ ಆಗಿದ್ದರೂ ಅವನನ್ನು ಕೊಲ್ಲಬಾರದು, ಹಿಂಸಿಸಬಾರದು ಎಂದು 1949ರ ಜಿನೀವಾ ಒಪ್ಪಂದವೂ ಹೇಳುತ್ತದೆ.

ಸತ್ತ ಮೇಲೆ? ನನ್ನನ್ನು ಹೆಚ್ಚು ಕಾಡಿದ್ದು ಇದು. ಟೈಗರ್ ಹಿಲ್ ಮೇಲೆ ನಮ್ಮವರ ವಿರುದ್ಧ ಕೊನೆಯವರೆಗೂ ಕಾದಾಡಿ ಸತ್ತವನು ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್. (ಇಲ್ಲಿ ಕರ್ನಲ್ ಎಂಬುದು ಹುದ್ದೆಯಲ್ಲ, ಅವನ ಹೆಸರೇ ಹಾಗೆ.) ಅವನನ್ನು ಕೊಂದವರು ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವರ ಕೈಕೆಳಗಿನ ಜವಾನರು. ಶವವನ್ನು ಒಪ್ಪಿಸುವಾಗ ಅದೇ ಬಾಜ್ವಾ, ಈತ ಬಹಳ ಧೈರ್ಯದಿಂದ ಹೋರಾಡಿದ ಎಂದು ಚೀಟಿ ಬರೆದು ಅವನ ಜೇಬಿನಲ್ಲಿಟ್ಟರು. ಆಮೇಲೆ ಪಾಕಿಸ್ತಾನ ಅವನಿಗೆ ತನ್ನ ಅತ್ಯುನ್ನತ ಪದಕವಾದ ನಿಶಾನ್-ಎ-ಹೈದರ್ ಕೊಟ್ಟಿತು.

ಎದುರು ನಿಂತು ಹೋರಾಡಿದವರೇ ಅವನಿಗೆ ಗೌರವ ಕೊಟ್ಟರು. ಜಮಖಾನೆ ಮೇಲೆ ಕುಳಿತ ನಾವು ಯಾಕೆ ಸೀಟಿ ಹೊಡೆಯಬೇಕು?

ಬರುವ ವರ್ಷವೂ ಇದೇ ನಾಟಕ ಆಡೋಣ. ಅದರಲ್ಲಿ ಚೀಟಿಯ ದೃಶ್ಯ ಸೇರಿಸಬೇಕೆಂದು ಗುರುಗಳಲ್ಲಿ ವಿನಂತಿ. ಬಾಜ್ವಾ ಪಾತ್ರ ನನಗೇ ಇರಲಿ.

– 9ನೆಯ ವರ್ಗದ ವಿದ್ಯಾರ್ಥಿ